ಕೆಂಚನಿಗೆ ಆಪರೇಷನ್ ಆಯಿತು, ಕಾಳಿ ಮರಿ ಹಾಕಿತು: ಹುಳು ಮನೆಯ ಒಂದು ಪ್ರಕರಣ

ನಾನು ಮುಖ್ಯವಾಗಿ ಹಸು ನೋಡುವ ಪಶುವೈದ್ಯ. ಚಿಕ್ಕಬಳ್ಳಾಪುರ ಜಿಲ್ಲೆಯ ಹಳ್ಳಿಗಳಲ್ಲಿ ಮನೆಗೆ ಎರಡಾದರೂ ಸೀಮೆಹಸು ಇರುತ್ತವೆ. ಗಬ್ಬ, ಕೆಚ್ಚಲು ಬಾವು, ಹೊಟ್ಟೆ ಉಬ್ಬರ ಅಂತ ದಿನ ಮುಗಿದುಹೋಗುತ್ತದೆ. ಬೆಕ್ಕು ನನ್ನ ಮೇಜಿಗೆ ಬರುವುದು ಅಪರೂಪ. ಈ ಪ್ರಕರಣವನ್ನು ಬರೆದಿಡುತ್ತಿರುವುದಕ್ಕೆ ಒಂದು ಕಾರಣವಿದೆ. ಇಲ್ಲಿ ಆಪರೇಷನ್ ಸರಿಯಾಗಿಯೇ ಆಯಿತು. ಆದರೂ ಮನೆಯವರು ಮೋಸ ಹೋದೆವು ಅಂದುಕೊಂಡರು. ಅವರು ಹಾಗೆ ಅಂದುಕೊಂಡದ್ದರಲ್ಲಿ ನನ್ನ ತಪ್ಪೂ ಇತ್ತು.

ಊರು ಶಿಡ್ಲಘಟ್ಟ ತಾಲ್ಲೂಕಿನದು, ಅಷ್ಟು ಸಾಕು. ಮನೆಯೊಡತಿಯನ್ನು ಅಕ್ಕ ಎಂದೂ ಅವರ ಅತ್ತೆಯನ್ನು ಅಜ್ಜಿ ಎಂದೂ ಬರೆಯುತ್ತೇನೆ. ಬೆಕ್ಕುಗಳ ಹೆಸರನ್ನೂ ಬದಲಾಯಿಸಿದ್ದೇನೆ. ಹಳ್ಳಿಯಲ್ಲಿ ಬೆಕ್ಕಿನ ಹೆಸರು ಹೇಳಿದರೆ ಮನೆ ಯಾವುದು ಅಂತ ಗೊತ್ತಾಗಿಬಿಡುತ್ತದೆ.

ಹಿನ್ನೆಲೆ

ಅಕ್ಕನ ಮನೆಯವರು ರೇಷ್ಮೆ ಹುಳು ಮೇಯಿಸುತ್ತಾರೆ. ಮನೆಯ ಹಿಂದೆ ಹಿಪ್ಪುನೇರಳೆ ತೋಟ, ಪಕ್ಕದಲ್ಲಿ ಹುಳು ಮನೆ. ಹುಳು ಮನೆ ಇದ್ದ ಕಡೆ ಇಲಿ ಇರುತ್ತದೆ. ದೊಡ್ಡ ಹುಳುವನ್ನೂ ತಿನ್ನುತ್ತದೆ, ಚಂದ್ರಿಕೆಯಲ್ಲಿ (ಹಣ್ಣಾದ ಹುಳುವನ್ನು ಗೂಡು ಕಟ್ಟಲು ಬಿಡುವ ತಟ್ಟೆ) ಕಟ್ಟಿದ ಗೂಡನ್ನೂ ಕಡಿಯುತ್ತದೆ. ಇಲಿಪಾಷಾಣ ಇಡಲು ಭಯ, ಮನೆಯಲ್ಲಿ ಕೋಳಿ, ನಾಯಿ, ಮಕ್ಕಳು ಇದ್ದಾರೆ. ಹಾಗಾಗಿ ಬೆಕ್ಕು ಅಲ್ಲಿ ಮುದ್ದಿಗೆ ಸಾಕಿದ್ದಲ್ಲ, ಕೆಲಸಕ್ಕೆ ಇಟ್ಟುಕೊಂಡದ್ದು.

ಇದ್ದವು ಎರಡು. ಕಾಳಿ ಎರಡು ವರ್ಷ ದಾಟಿದ ಕಪ್ಪು ಬಿಳಿ ಹೆಣ್ಣು ಬೆಕ್ಕು. ಕೆಂಚ ಸುಮಾರು ಒಂದೂವರೆ ವರ್ಷದ ಕೆಂಚು ಬಣ್ಣದ ಗಂಡು, ಬೇರೆ ಊರಿನ ನೆಂಟರ ಮನೆಯಿಂದ ಮರಿಯಾಗಿದ್ದಾಗ ತಂದದ್ದು. ಕಾಳಿ ವರ್ಷಕ್ಕೆ ಎರಡು ಸಲ ಮರಿ ಹಾಕುತ್ತಿತ್ತು. ನಮ್ಮ ಕಡೆ ವರ್ಷವಿಡೀ ಹಗಲಿನ ಹೊತ್ತಿನಲ್ಲಿ ಅಷ್ಟೇನೂ ವ್ಯತ್ಯಾಸ ಇರುವುದಿಲ್ಲ. ಬೆಕ್ಕು ಬೆದೆಗೆ ಬರುವುದು ಹಗಲಿನ ಬೆಳಕನ್ನು ನೋಡಿಕೊಂಡು. ಚಳಿ ದೇಶಗಳಲ್ಲಿ ಹಗಲು ಗಿಡ್ಡವಾದಾಗ ಬೆದೆ ನಿಲ್ಲುತ್ತದೆ, ಇಲ್ಲಿ ಆ ಬಿಡುವು ಸಿಗುವುದಿಲ್ಲ. ಮರಿ ಜಾಸ್ತಿಯಾದಾಗ ಮನೆಯ ಹುಡುಗ ಅವನ್ನು ಗೋಣಿಚೀಲಕ್ಕೆ ತುಂಬಿ ಪೇಟೆ ಕಡೆ ಬಿಟ್ಟು ಬರುತ್ತಿದ್ದ. ಸಾಕಿದ ಪ್ರಾಣಿಯನ್ನು ಹೀಗೆ ಬೀದಿಪಾಲು ಮಾಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ ಪ್ರಕಾರ ಅಪರಾಧ. ಹೇಳಿದರೆ "ಎಲ್ಲರೂ ಬಿಡ್ತಾರೆ ಸಾರ್" ಅಂದ. ಅದೂ ನಿಜವೇ.

ತೊಂದರೆ

ಕೆಂಚ ಹತ್ತು ತಿಂಗಳಾಗುವಷ್ಟರಲ್ಲಿ ಉಚ್ಚೆ ಹಾರಿಸಲು ಶುರುಮಾಡಿತ್ತು. ಇದು ಬೆಕ್ಕು ಕೂತು ಮಾಡುವ ಮಾಮೂಲಿ ಉಚ್ಚೆಯಲ್ಲ. ಗೋಡೆಗೆ ಬೆನ್ನು ಕೊಟ್ಟು ನಿಂತು, ಬಾಲ ನೆಟ್ಟಗೆ ಎತ್ತಿ, ಬಾಲದ ತುದಿ ನಡುಗಿಸುತ್ತಾ ಹಿಂದಕ್ಕೆ ಚಿಮ್ಮಿಸುತ್ತದೆ. ಇದು ನನ್ನ ಜಾಗ ಅಂತ ಹಾಕುವ ಸಹಿ. ವಾಸನೆಯೂ ಬೇರೆ. ಗಂಡು ಬೆಕ್ಕಿನ ಉಚ್ಚೆಯಲ್ಲಿ ಫೆಲಿನಿನ್ ಎಂಬ ಪದಾರ್ಥ ಹೆಚ್ಚಿರುತ್ತದೆ. ಅದು ಒಡೆದಾಗ ಬರುವ ಗಬ್ಬು ಮೂಗಿಗೆ ಹತ್ತಿದರೆ ಬಿಡುವುದಿಲ್ಲ. ಫೆಲಿನಿನ್ ಎಷ್ಟು ಹುಟ್ಟಬೇಕು ಅನ್ನುವುದು ಗಂಡು ಹಾರ್ಮೋನಿನ ಕೈಯಲ್ಲಿದೆ.

ಬೇರೆ ಮನೆಯಾಗಿದ್ದರೆ ಸಹಿಸಿಕೊಳ್ಳುತ್ತಿದ್ದರೇನೋ. ಇಲ್ಲಿ ಅದು ಹಾರಿಸಿದ್ದು ಸೊಪ್ಪಿನ ಕೋಣೆಯಲ್ಲಿ. ಬೆಳಗ್ಗೆ ಕೊಯ್ದು ತಂದ ಸೊಪ್ಪನ್ನು ಒದ್ದೆ ಗೋಣಿ ಮುಚ್ಚಿ ಇಟ್ಟಿರುತ್ತಾರೆ. ಆ ಗೋಣಿ ಮೇಲೇ ಸಹಿ. ಹುಳು ನಾಲ್ಕನೇ ಜ್ವರ, ಅಂದರೆ ಮೇವು ಬಿಟ್ಟು ಪೊರೆ ಕಳಚುವ ಹಂತ, ಎದ್ದ ಮೇಲೆ ಒಂದು ಹೊತ್ತು ಸೊಪ್ಪು ತಪ್ಪಿದರೂ ಗೂಡು ಸಣ್ಣದಾಗುತ್ತದೆ. ಅಂಥ ದಿನ ಎರಡು ಹೊರೆ ಸೊಪ್ಪು ತಿಪ್ಪೆಗೆ ಹೋದರೆ ಅಕ್ಕನಿಗೆ ಹೇಗಾಗಬೇಡ?

ಇನ್ನೊಂದು ನಷ್ಟ ಇದಕ್ಕಿಂತ ದೊಡ್ಡದು. ಹುಳು ಮನೆಯ ಕಿಟಕಿಗೆ ಊಜಿ ನೊಣ ಬರದ ಹಾಗೆ ನೈಲಾನ್ ಬಲೆ ಕಟ್ಟಿರುತ್ತಾರೆ. ಆ ನೊಣ 1980ರಲ್ಲಿ ಬಂಗಾಳದ ಕಡೆಯಿಂದ ಕರ್ನಾಟಕಕ್ಕೆ ಬಂದು ಇಲ್ಲೇ ಮನೆ ಮಾಡಿಕೊಂಡಿತು. ಹುಳುವಿನ ಮೈ ಮೇಲೆ ಮೊಟ್ಟೆ ಇಡುತ್ತದೆ, ಮರಿ ಒಳಗೆ ಸೇರಿ ತಿನ್ನುತ್ತದೆ. ರಾತ್ರಿ ಗಂಡು ಬೆಕ್ಕುಗಳ ಕಾದಾಟದಲ್ಲಿ ಬಲೆ ಹರಿಯುತ್ತಿತ್ತು. ಬೆಳಗ್ಗೆ ನೋಡಿದರೆ ಕೈ ತೂರುವಷ್ಟು ತೂತು.

ಅವರು ತಾವಾಗಿ ಏನೇನು ಮಾಡಿದ್ದರು ಎಂದರೆ, ಬಾಗಿಲ ಬಳಿ ಖಾರದ ಪುಡಿ ಚೆಲ್ಲಿದ್ದರು, ನುಸಿಗುಳಿಗೆ ಇಟ್ಟಿದ್ದರು, ಹೊರಗಿನ ಗೋಡೆಗೆ ಫಿನಾಯಿಲ್ ಹೊಡೆದಿದ್ದರು. ನುಸಿಗುಳಿಗೆ ಮತ್ತು ಫಿನಾಯಿಲ್ ಎರಡೂ ಬೆಕ್ಕಿಗೆ ವಿಷ. ಕಾಲಿಗೆ ಮೆತ್ತಿದ್ದನ್ನು ಅದು ನೆಕ್ಕುತ್ತದೆ, ನೆಕ್ಕಿದ್ದನ್ನು ಅದರ ಲಿವರ್ ಕರಗಿಸಲಾರದು. ಕೊನೆಗೆ ಕೆಂಚನನ್ನೂ ಗೋಣಿಚೀಲಕ್ಕೆ ಹಾಕಿ ಆರು ಕಿಲೋಮೀಟರ್ ಆಚೆ ಬಿಟ್ಟು ಬಂದರು. ನಾಲ್ಕನೇ ದಿನ ಕಿವಿ ಹರಿದುಕೊಂಡು ವಾಪಸ್ ಬಂದು ಒಲೆ ಪಕ್ಕ ಮಲಗಿತ್ತಂತೆ. ಅಜ್ಜಿ ಅವತ್ತು ಮಗನಿಗೂ ಸೊಸೆಗೂ ಚೆನ್ನಾಗಿ ಬೈದರು. ಬೆಕ್ಕಿಗೆ ಏನಾದರೂ ಆದರೆ ಚಿನ್ನದ ಬೆಕ್ಕು ಮಾಡಿಸಿ ಕಾಶಿಗೆ ಕೊಡಬೇಕು, ಕೊಡ್ತೀರಾ ಅಂತ.

ನನ್ನ ಹತ್ತಿರ ಬಂದದ್ದು ಆಮೇಲೆ. ಕೆಂಚನ ಕೆನ್ನೆ ನಿಂಬೆಹಣ್ಣಿನಷ್ಟು ಊದಿತ್ತು, ಮೈ ಸುಡುತ್ತಿತ್ತು. ಬೆಕ್ಕಿನ ಹಲ್ಲು ಸೂಜಿಯ ಹಾಗೆ. ಮೇಲಿನ ತೂತು ಬೇಗ ಮುಚ್ಚಿಕೊಳ್ಳುತ್ತದೆ, ಒಳಗೆ ಕೀವು ತುಂಬುತ್ತದೆ. ಹುಡುಗ ಫೋನಿನಲ್ಲಿ ಕೇಳಿದ ಮೊದಲ ಮಾತು, "ಸಾರ್, ಅರ್ಧ ಡೋಲೋ ಹಾಕ್ಲಾ?" ಆ ಪ್ರಶ್ನೆ ಕೇಳಿದ್ದಕ್ಕೆ ಬೆಕ್ಕು ಬದುಕಿತು. ಡೋಲೋ ಅಂದರೆ ಪ್ಯಾರಾಸಿಟಮಾಲ್, ಅದನ್ನು ಬೆಕ್ಕಿಗೆ ಸ್ವಲ್ಪವೂ ಕೊಡಬಾರದು. ರಕ್ತ ಆಮ್ಲಜನಕ ಹೊರುವ ಶಕ್ತಿಯನ್ನೇ ಕಳೆದುಕೊಳ್ಳುತ್ತದೆ. ಕೀವು ತೆಗೆದು, ತೊಳೆದು, ಇಂಜೆಕ್ಷನ್ ಕೊಟ್ಟೆ. ರೇಬಿಸ್ ಲಸಿಕೆಯನ್ನು ಜ್ವರ ಇಳಿದ ಮೇಲೆ ಹಾಕಿದೆ. "ಇದು ಮತ್ತೆ ಆಗುತ್ತೆ ಅಕ್ಕ, ಕಾದಾಟ ನಿಲ್ಲಬೇಕು ಅಂದ್ರೆ ಬೀಜ ತೆಗೆಸಿ" ಅಂದೆ.

ಒಪ್ಪಿಸಿದ್ದು

ಅಕ್ಕನ ಗಂಡನಿಗೆ ಇದ್ದ ಅನುಮಾನ ಒಂದೇ: ಆಮೇಲೆ ಇಲಿ ಹಿಡಿಯುತ್ತಾ? ನಾನು ಹಾರ್ಮೋನು ಅಂತ ಶುರುಮಾಡಿದೆ. ಅವರ ಮುಖದಲ್ಲಿ ಏನೂ ಕಾಣಲಿಲ್ಲ. ಅಜ್ಜಿಯೇ ಮಧ್ಯೆ ಬಂದು "ಎತ್ತಿಗೆ ಬೀಜ ಒಡೆಸಲ್ವೇನೋ? ಒಡೆಸಿದ ಮೇಲೆ ಉಳಲ್ವಾ?" ಅಂದರು. ನಾನು ಹತ್ತು ನಿಮಿಷ ಹೇಳಿದ್ದು ಅಷ್ಟರಲ್ಲಿ ಮುಗಿಯಿತು. ಬೇಟೆ ಬೇರೆ, ಬೆದೆ ಬೇರೆ. ಹೆಣ್ಣು ಬೆಕ್ಕುಗಳು ಗಂಡಿಗಿಂತ ಏನೂ ಕಡಿಮೆ ಇಲಿ ಹಿಡಿಯುವುದಿಲ್ಲ ಅಲ್ವಾ?

ಇನ್ನೊಂದು ಭಯ ಪಕ್ಕದ ಮನೆಯವರು ಹುಟ್ಟಿಸಿದ್ದು, ಆಪರೇಷನ್ ಮಾಡಿಸಿದರೆ ಉಚ್ಚೆ ಕಟ್ಟುತ್ತದೆ ಅಂತ. ಗಂಡು ಬೆಕ್ಕಿನ ಮೂತ್ರನಾಳ ಹುಟ್ಟಿನಿಂದಲೇ ಸಣ್ಣದು, ಬೀಜ ಇದ್ದರೂ ಇಲ್ಲದಿದ್ದರೂ ಕಟ್ಟಬಹುದು. ಬೀಜ ತೆಗೆದದ್ದರಿಂದ ಅದು ಇನ್ನಷ್ಟು ಕಿರಿದಾಗುವುದಿಲ್ಲ. ಮೈ ಬೆಳೆಸಿಕೊಂಡು, ನೀರು ಕಡಿಮೆ ಕುಡಿದು, ಬಿದ್ದುಕೊಂಡಿರುವ ಬೆಕ್ಕಿಗೆ ಅಪಾಯ ಜಾಸ್ತಿ. ಗಂಡು ಬೆಕ್ಕು ಮತ್ತೆ ಮತ್ತೆ ಕೂತು ಮುಕ್ಕಿದರೂ ಉಚ್ಚೆ ಬರುತ್ತಿಲ್ಲ ಅಂದರೆ ಅವತ್ತೇ ಡಾಕ್ಟರ ಹತ್ತಿರ ಬರಬೇಕು, ಮಾರನೇ ದಿನಕ್ಕೆ ಇಡಬಾರದು ಅಂತ ಹೇಳಿ ಕಳಿಸಿದೆ.

ನಾನು ತಪ್ಪಿದ್ದು ಇಲ್ಲೇ. ಅಕ್ಕ ಕೇಳಿದರು, "ಹಂಗಾದ್ರೆ ಇನ್ಮೇಲೆ ಮರಿ ಕಾಟ ಇರಲ್ಲ ಅಲ್ವಾ ಡಾಕ್ಟ್ರೇ?" ಕೊಟ್ಟಿಗೆಯಲ್ಲಿ ಇನ್ನೊಬ್ಬರ ಹಸು ಕಾಯುತ್ತಿತ್ತು. "ಕೆಂಚನಿಂದ ಇರಲ್ಲ" ಅಂದೆ. ಅವರಿಗೆ ಕೇಳಿಸಿದ್ದು "ಇರಲ್ಲ" ಅನ್ನುವುದಷ್ಟೆ. ಕಾಳಿಯ ವಿಷಯ ಆಗಲೇ ಎತ್ತಬೇಕಿತ್ತು. ಹೆಣ್ಣು ಬೆಕ್ಕಿನ ಆಪರೇಷನ್ ಹೊಟ್ಟೆ ತೆರೆದು ಮಾಡುವಂಥದ್ದು, ಖರ್ಚು ಜಾಸ್ತಿ, ಒಂದಾದ ಮೇಲೆ ಒಂದು ನೋಡೋಣ ಅಂದುಕೊಂಡೆ.

ಆಪರೇಷನ್

ಗೂಡು ಮಾರಿ, ಹುಳು ಮನೆಗೆ ಬ್ಲೀಚಿಂಗ್ ಪುಡಿ ಹೊಡೆದು ಒಣಗಲು ಬಿಟ್ಟ ವಾರ ಆರಿಸಿಕೊಂಡೆವು. ಮುಂದಿನ ಚಾಕಿ ಹುಳು (ಎಳೆ ಹುಳು) ಬರುವ ಮುಂಚೆ ಅಕ್ಕನಿಗೆ ಬಿಡುವು ಸಿಗುವುದು ಆಗಲೇ. ರಾತ್ರಿ ಹತ್ತರ ಮೇಲೆ ಊಟ ಬೇಡ ಅಂದಿದ್ದೆ. ಆದರೆ ಇಲಿ ಹಿಡಿಯುವ ಬೆಕ್ಕಿಗೆ ಉಪವಾಸ ಹೇಗೆ ಹೇಳುವುದು? ಕೋಳಿ ಮುಚ್ಚುವ ಮಂಕರಿ ಕೆಳಗೆ ಕೂರಿಸಿ ಮೇಲೆ ಕಲ್ಲು ಹೇರಿದರು. ಬೆಳಗ್ಗೆ ಎರಡು ಟೊಮೆಟೊ ಕ್ರೇಟನ್ನು ಬಾಯಿಗೆ ಬಾಯಿ ಜೋಡಿಸಿ ದಾರ ಕಟ್ಟಿ ತಂದರು. ತುಂಬಿಸುವಾಗ ಹುಡುಗನ ಕೈ ಕಚ್ಚಿತ್ತು. ಲಸಿಕೆ ಹಾಕಿದ ಬೆಕ್ಕಾದರೂ ಕಾಲು ಗಂಟೆ ಸೋಪು ನೀರಲ್ಲಿ ತೊಳೆಸಿ ಆಸ್ಪತ್ರೆಗೆ ಕಳಿಸಿದೆ.

ತೂಕ 4.2 ಕೆಜಿ. ಅರಿವಳಿಕೆ ಹತ್ತಿದ ಮೇಲೆ ಕೆಲಸ ಹತ್ತು ನಿಮಿಷದ್ದು. ಎರಡೂ ಬೀಜ ಕೆಳಗಿಳಿದಿದ್ದವು, ಎರಡನ್ನೂ ತೆಗೆದೆ, ಪುಸ್ತಕದಲ್ಲಿ ಹಾಗೇ ಬರೆದುಕೊಂಡೆ. ಈ ಸಾಲು ಮುಂದೆ ಕೆಲಸಕ್ಕೆ ಬಂತು. ಗಂಡು ಬೆಕ್ಕಿಗೆ ಸಾಮಾನ್ಯವಾಗಿ ಹೊಲಿಗೆ ಹಾಕುವುದಿಲ್ಲ, ಗಾಯ ತಾನೇ ಕೂಡಿಕೊಳ್ಳುತ್ತದೆ. ಮಣ್ಣು ಮೆತ್ತದ ಹಾಗೆ ಕೆಲವು ದಿನ ಹಳೇ ಪೇಪರ್ ಹಾಸಿ ಒಳಗೇ ಇಡಿ ಅಂದೆ. ಅಜ್ಜಿ ಅರಿಶಿನ, ಕೊಬ್ಬರಿ ಎಣ್ಣೆ ಕಲಸಿ ಹಚ್ಚಿದರು. ಅದು ಎಣ್ಣೆ ರುಚಿಗೆ ನೆಕ್ಕಿ ನೆಕ್ಕಿ ಕೆಂಪು ಮಾಡಿಕೊಂಡಿತು. ಎರಡು ದಿನ ಕೊರಳಿಗೆ ರಟ್ಟು ಕಟ್ಟಿದ ಮೇಲೆ ಸರಿಹೋಯಿತು.

ಆಮೇಲೆ ನಡೆದದ್ದು

ಅಕ್ಕ ಒಂದು ಒಳ್ಳೆಯ ಕೆಲಸ ಮಾಡಿದ್ದರು. ಕೆಂಚ ಹಾರಿಸಿದಾಗಲೆಲ್ಲ ಸೊಪ್ಪಿನ ಕೋಣೆ ಗೋಡೆಯ ಮೇಲೆ ಇದ್ದಿಲಿನಲ್ಲಿ ಒಂದು ಗೆರೆ. ಆಪರೇಷನ್‌ಗೆ ಮುಂಚಿನ ಬೆಳೆಯಲ್ಲಿ, ಅಂದರೆ ಒಂದು ಸಲ ಹುಳು ಮೇಯಿಸಿ ಗೂಡು ಬಿಡಿಸುವಷ್ಟರಲ್ಲಿ, ಹನ್ನೊಂದು ಗೆರೆ ಇದ್ದವು. ನನ್ನ ಎಷ್ಟೋ ರೋಗಿಗಳ ದಾಖಲೆ ಇಷ್ಟು ಚೆನ್ನಾಗಿಲ್ಲ.

ಆಪರೇಷನ್ ಆದ ಐದನೇ ದಿನ ಮತ್ತೆ ಒಂದು ಗೆರೆ ಬಿತ್ತು. ಅಕ್ಕ ಫೋನ್ ಮಾಡಿದರು. ಇದು ಮುಂಚೆಯೇ ಗೊತ್ತಿದ್ದ ಸಂಗತಿ. ರಕ್ತದಲ್ಲಿ ಹಾರ್ಮೋನು ಬೇಗ ಇಳಿಯುತ್ತದೆ, ಅಭ್ಯಾಸ ಅಷ್ಟು ಬೇಗ ಇಳಿಯುವುದಿಲ್ಲ. ತಿಂಗಳುಗಟ್ಟಲೆ ಬೀದಿ ಆಳಿದ ಬೆಕ್ಕಿಗೆ ವಾರಗಳು, ಕೆಲವಕ್ಕೆ ತಿಂಗಳುಗಳು ಬೇಕು. ಮೂರನೇ ವಾರದ ಹೊತ್ತಿಗೆ ವಾಸನೆ ಇಳಿದದ್ದನ್ನು ಮನೆಯವರೇ ಹೇಳಿದರು. ಮುಂದಿನ ಬೆಳೆಯಲ್ಲಿ ಕೋಣೆಯ ಗೋಡೆಗೆ ನಾಲ್ಕು ಗೆರೆ, ಅದರಾಚೆಯ ಬೆಳೆಯಲ್ಲಿ ಒಂದು. ಹತ್ತರಲ್ಲಿ ಒಂಬತ್ತು ಗಂಡು ಬೆಕ್ಕುಗಳಲ್ಲಿ ಹೀಗೆ ಇಳಿಯುತ್ತದೆ, ಒಂದರಲ್ಲಿ ಉಳಿದುಕೊಳ್ಳುತ್ತದೆ. ಹಳೇ ಕಲೆಯನ್ನು ಸೋಪಿನ ಪುಡಿಯಲ್ಲಿ ತೊಳೆದು ಬಿಸಿಲಿಗೆ ಬಿಟ್ಟದ್ದೂ ನೆರವಾಯಿತು. ವಾಸನೆ ಉಳಿದರೆ ಬೆಕ್ಕು ಅದರ ಮೇಲೆ ಮತ್ತೆ ಸಹಿ ಹಾಕುತ್ತದೆ.

ಆದರೆ ಹೊರಗಿನ ಗೋಡೆ ಒಣಗಲಿಲ್ಲ. ಬಲೆ ಹರಿಯುವುದೂ ನಿಲ್ಲಲಿಲ್ಲ. "ಒಳಗೆ ಬಿಟ್ಟು ಹೊರಗೆ ಹಿಡ್ಕೊಂಡಿದೆ" ಅಂದರು ಅಕ್ಕನ ಗಂಡ. ನನಗೂ ಒಂದು ಕ್ಷಣ ಹಾಗೇ ಅನಿಸಿತು. ಆಮೇಲೆ ಸುಮ್ನೆ ಒಂದು ಪರೀಕ್ಷೆ ಹೇಳಿದೆ: ಮೂರು ರಾತ್ರಿ ಕೆಂಚನನ್ನು ಒಳಗೆ ಕೂಡಿ ಬೀಗ ಹಾಕಿ. ಎರಡನೇ ಬೆಳಗ್ಗೆ ಹೊರಗಿನ ಗೋಡೆ ಒದ್ದೆಯಾಗಿತ್ತು. ಕೆಂಚ ಒಳಗೇ ಇತ್ತು. ಮೂರನೇ ರಾತ್ರಿ ಹುಡುಗ ಟಾರ್ಚ್ ಹಿಡಿದು ಕೂತ. ದಪ್ಪ ಕೆನ್ನೆಯ ಬೂದು ಗಂಡು ಬೆಕ್ಕೊಂದು ಕಾಂಪೌಂಡ್ ಹತ್ತಿ ಬಂತು. ಊರವರು ಅದನ್ನು ರೌಡಿ ಅನ್ನುತ್ತಾರೆ. ಕೆಂಚ ಕಾವಲು ಬಿಟ್ಟ ಮೇಲೆ ರೌಡಿ ಅಂಗಳದವರೆಗೂ ಬರಲು ಶುರುಮಾಡಿತ್ತು.

ಅಷ್ಟರಲ್ಲಿ ಕಾಳಿಯ ಹೊಟ್ಟೆ ಕಾಣಿಸಿಕೊಂಡಿತು.

ಕೆಂಚನ ಆಪರೇಷನ್ ಆದ ಹತ್ತನೇ ದಿನದ ಹೊತ್ತಿಗೆ ಕಾಳಿ ಬೆದೆಗೆ ಬಂದು ಊರೆಲ್ಲ ಕೂಗಿತ್ತು, ಕೆಂಚ ಅದನ್ನು ಏರಿದ್ದನ್ನು ಅಜ್ಜಿ ನೋಡಿದ್ದರು. ನನಗೆ ಹೇಳಿರಲಿಲ್ಲ. ಆಪರೇಷನ್ ಆದ ಎರಡೂವರೆ ತಿಂಗಳಿಗೆ, ಲೆಕ್ಕ ಹಾಕಿದರೆ ಆ ಬೆದೆಯಿಂದ ಸುಮಾರು 64 ದಿನಕ್ಕೆ ಸರಿಯಾಗಿ, ನಾಲ್ಕು ಮರಿ. ಅಕ್ಕ ಫೋನಿನಲ್ಲಿ ಸಿಟ್ಟಾಗಲಿಲ್ಲ, ತಣ್ಣಗೆ ಮಾತಾಡಿದರು. ಅದೇ ಕಷ್ಟವಾದದ್ದು. "ನಿಮ್ಮ ಆಪರೇಷನ್ ಫೇಲ್ ಡಾಕ್ಟ್ರೇ. ಮುಂಚೆನೇ ಹೇಳಿದ್ರೆ ಆಗ್ತಿತ್ತು."

ಮರಿಗಳ ಅಪ್ಪ ಯಾರು?

ಮರಿಗಳಿಗೆ ಮೂರು ವಾರ ಆದಾಗ ಹೋದೆ. ಮೊದಲು ಕೆಂಚನನ್ನು ಪರೀಕ್ಷೆ ಮಾಡಿದೆ. ಒಂದು ಬೀಜ ಹೊಟ್ಟೆಯಲ್ಲೇ ಉಳಿದ ಬೆಕ್ಕುಗಳಲ್ಲಿ ಹಾರ್ಮೋನು ಮುಂದುವರಿಯುತ್ತದೆ. ಇಲ್ಲಿ ಎರಡೂ ತೆಗೆದದ್ದು ಪುಸ್ತಕದಲ್ಲಿತ್ತು. ಇನ್ನೊಂದು ಗುರುತೂ ಇದೆ. ಗಂಡು ಬೆಕ್ಕಿನ ಜನನಾಂಗದ ಮೇಲೆ ಸಣ್ಣ ಮುಳ್ಳುಗಳಿರುತ್ತವೆ, ಹಾರ್ಮೋನು ನಿಂತ ಮೇಲೆ ವಾರಗಳಲ್ಲಿ ಅವು ಕರಗುತ್ತವೆ. ಕೆಂಚನಲ್ಲಿ ಮುಳ್ಳು ಇರಲಿಲ್ಲ. ಅಂದರೆ ಆಪರೇಷನ್ ಫೇಲ್ ಆಗಿರಲಿಲ್ಲ.

ಆಮೇಲೆ ಮರಿಗಳನ್ನು ಮೊರದಲ್ಲಿ ಹಾಕಿಸಿ ಬಿಸಿಲಿಗೆ ತಂದು ನೋಡಿದೆ. ಒಂದು ಕಪ್ಪು ಗಂಡು. ಎರಡು ಕಪ್ಪು ಹೆಣ್ಣು, ಎದೆ ಮಾತ್ರ ಬಿಳಿ. ಒಂದು ಕಪ್ಪು, ಬಿಳಿ, ಕೆಂಚು ಮೂರೂ ಬೆರೆತ ಹೆಣ್ಣು.

ಬೆಕ್ಕಿನ ಕೆಂಚು ಬಣ್ಣದ ಜೀನ್ ಎಕ್ಸ್ ವರ್ಣತಂತುವಿನ ಮೇಲಿದೆ. ಗಂಡು ಮರಿಗೆ ಅಪ್ಪನಿಂದ ಎಕ್ಸ್ ಬರುವುದಿಲ್ಲ, ಹಾಗಾಗಿ ಅದರ ಕೆಂಚು ಅಥವಾ ಕಪ್ಪು ಅಮ್ಮನಿಂದ ಬಂದದ್ದು. ಹೆಣ್ಣು ಮರಿಗೆ ಅಪ್ಪನ ಎಕ್ಸ್ ಬಂದೇ ಬರುತ್ತದೆ. ಕೆಂಚನಿಗೆ ಇರುವುದು ಒಂದೇ ಎಕ್ಸ್, ಅದು ಕೆಂಚು. ಅಂದರೆ ಕೆಂಚನ ಮಗಳಾದರೆ ಮೈ ಮೇಲೆ ಎಲ್ಲಾದರೂ ಕೆಂಚು ಕೂದಲು ಇರಲೇಬೇಕು. ಕೆಲವು ಮರಿಗಳಲ್ಲಿ ಅದು ಬೆರಳ ಸಂದಿಯಲ್ಲಿ ನಾಲ್ಕು ಎಳೆ ಇರುತ್ತದೆ ಅಷ್ಟೆ. ಅದಕ್ಕೇ ಹೊಟ್ಟೆ, ಕಾಲು, ಕಿವಿ ಹಿಂದೆ ಎಲ್ಲಾ ಹುಡುಕಿದೆ. ಆ ಎರಡು ಕಪ್ಪು ಹೆಣ್ಣುಗಳಲ್ಲಿ ಒಂದು ಎಳೆಯೂ ಸಿಗಲಿಲ್ಲ. ಅವು ಕೆಂಚನವಲ್ಲ.

ಮೂರು ಬಣ್ಣದ ಮರಿಯದು ಬೇರೆ ಕಥೆ. ಕಾಳಿಯ ಮೈಯಲ್ಲಿ ಕೆಂಚು ಇಲ್ಲ, ಹಾಗಾದರೆ ಅದು ಅಪ್ಪನದೇ. ಊರಲ್ಲಿ ಬೇರೆ ಕೆಂಚು ಗಂಡನ್ನು ಯಾರೂ ನೋಡಿಲ್ಲ. ಬೀಜ ತೆಗೆದ ಮೇಲೂ ನಾಳದಲ್ಲಿ ಉಳಿದ ವೀರ್ಯ ಕೆಲವು ವಾರ ಜೀವಂತ ಇರಬಹುದು. ಹತ್ತನೇ ದಿನ ಅನ್ನುವುದು ಆ ಅವಧಿಯ ಒಳಗೇ ಬರುತ್ತದೆ. ಹೆಣ್ಣು ಬೆಕ್ಕಿನಲ್ಲಿ ಸಾಮಾನ್ಯವಾಗಿ ಗಂಡು ಕೂಡಿದ ಮೇಲೇ ಅಂಡ ಬಿಡುಗಡೆಯಾಗುತ್ತದೆ. ಒಂದೇ ಬೆದೆಯಲ್ಲಿ ಹಲವು ಗಂಡುಗಳ ಜೊತೆ ಕೂಡುತ್ತದೆ, ಒಂದೇ ಸೂಲಿನ ಮರಿಗಳಿಗೆ ಬೇರೆ ಬೇರೆ ಅಪ್ಪ ಇರಬಹುದು.

ಮೊರದ ಸುತ್ತ ಕೂತು ಇದನ್ನೆಲ್ಲ ಹೇಳಿದಾಗ ಅಕ್ಕ ಒಂದೇ ಮಾತು ಕೇಳಿದರು. "ಹಂಗಾದ್ರೆ ಕೆಂಚಂಗೆ ಆವತ್ತಿಂದ ಒಂದು ತಿಂಗಳು ಕೂಡಿ ಹಾಕಿದ್ರೂ ಕಾಳಿ ಮರಿ ಹಾಕೇ ಹಾಕ್ತಿತ್ತು, ಅಲ್ವಾ?" ಹೌದು. ರೌಡಿ ಇದ್ದೇ ಇತ್ತಲ್ಲ. ಇಡೀ ಪ್ರಕರಣದ ತಿರುವು ಆ ಪ್ರಶ್ನೆಯಲ್ಲಿತ್ತು. ನಾನು ಕೇಳಿಕೊಳ್ಳಬೇಕಿದ್ದನ್ನು ಅವರು ಕೇಳಿದರು. ಹತ್ತು ಗಂಡುಗಳಲ್ಲಿ ಒಂಬತ್ತಕ್ಕೆ ಬೀಜ ತೆಗೆಸಿದರೂ ಉಳಿದ ಒಂದೇ ಗಂಡು ಊರಿನ ಹೆಣ್ಣು ಬೆಕ್ಕುಗಳಿಗೆಲ್ಲ ಸಾಕು. ಗಂಡಿನ ಆಪರೇಷನ್ ಆ ಗಂಡಿನ ನಡತೆಗೆ ಮದ್ದು: ವಾಸನೆ, ಅಲೆದಾಟ, ಗಾಯ. ಮರಿಯ ಲೆಕ್ಕ ಇರುವುದು ಹೆಣ್ಣಿನ ಹತ್ತಿರ. ಬಲೆ ಹರಿದದ್ದೂ ಕಾಳಿಯ ಬೆದೆಗೇ. ಹರಿದ ದಿನಗಳನ್ನು ನೆನಪು ಮಾಡಿಕೊಂಡು ಹೇಳಿ ಅಂದಾಗ ಎರಡೂ ಸಲ ಕಾಳಿ ಕೂಗಿದ ವಾರವೇ ಬಂತು.

ಕಾಳಿಯ ಸರದಿ

ಮರಿಗಳು ಹಾಲು ಬಿಡುವವರೆಗೆ, ಸುಮಾರು ಎಂಟು ವಾರ, ಕಾದೆವು. ಹಾಲೂಡಿಸುವ ಬೆಕ್ಕು ಮತ್ತೆ ಬೆದೆಗೆ ಬರುವುದಿಲ್ಲ ಅನ್ನುವ ನಂಬಿಕೆ ತಪ್ಪು, ಬರಬಹುದು. ಹಾಗಾಗಿ ಕೊನೆಯ ಮೂರು ವಾರ ಕಾಳಿಯನ್ನು ಹೊರಗೆ ಬಿಡಲಿಲ್ಲ. ಬೆಕ್ಕು ಮರಿಗಳನ್ನು ಏಳು ಮನೆ ಸುತ್ತಿಸುತ್ತದೆ ಅನ್ನುತ್ತಾರೆ, ಈ ಸಲ ಒಂದೇ ಕೋಣೆಯಲ್ಲಿ ಏಳು ಮೂಲೆ ಸುತ್ತಿಸಿತು. ಆಪರೇಷನ್ ಆಯಿತು, ತೊಂದರೆ ಆಗಲಿಲ್ಲ. ನಂತರದ ಎರಡು ಬೆಳೆಗೆ ಬಲೆ ಹರಿಯಲಿಲ್ಲ. ರೌಡಿ ಬರುತ್ತದೆ, ಗೋಡೆ ಮೂಸುತ್ತದೆ, ಹೋಗುತ್ತದೆ.

ಕೆಂಚನದು ಇನ್ನೊಂದು ಸಮಸ್ಯೆ. ಐದು ತಿಂಗಳಲ್ಲಿ 4.2ರಿಂದ 5.4 ಕೆಜಿಗೆ ಏರಿತು. ಬೀಜ ತೆಗೆದ ಬೆಕ್ಕಿಗೆ ಹಸಿವು ಹೆಚ್ಚುತ್ತದೆ, ಬೇಕಾದ ಆಹಾರ ಮಾತ್ರ ಕಾಲು ಭಾಗದಷ್ಟು ಕಡಿಮೆಯಾಗುತ್ತದೆ. ಇದನ್ನು ನಾನು ಹೇಳಿದ್ದೆ, ಆದರೆ ಅಜ್ಜಿಗೆ ಹೇಳಿರಲಿಲ್ಲ. ಮೂರು ಹೊತ್ತು ಹಾಲು ಅನ್ನ ಹಾಕುತ್ತಿದ್ದವರು ಅವರೇ. "ಇಲಿ ಹಿಡಿಯೋದು ಕಮ್ಮಿ ಆಯ್ತು ಕಣಪ್ಪ" ಅಂದರು. ನೋಡಿದರೆ ತೋಟದ ಆಚೆ ಹೋಗುವುದು ನಿಂತಿತ್ತು, ಹುಳು ಮನೆಯೊಳಗೆ ಹಿಡಿಯುತ್ತಲೇ ಇತ್ತು. ಅಕ್ಕನಿಗೆ ಬೇಕಾದದ್ದೂ ಅಷ್ಟೇ. ಮಧ್ಯಾಹ್ನದ ಅನ್ನ ನಿಲ್ಲಿಸಿ ರಾತ್ರಿಯದು ಅರ್ಧ ಮಾಡಿದ ಮೇಲೆ ಈಗ 4.9 ಕೆಜಿ.

ನಾನು ಬದಲಾಯಿಸಿಕೊಂಡದ್ದು ಸ್ವಲ್ಪ. ಗಂಡು ಬೆಕ್ಕು ತಂದವರಿಗೆ ಮೊದಲ ಪ್ರಶ್ನೆ, ಮನೆಯಲ್ಲಿ ಹೆಣ್ಣು ಇದೆಯಾ? ಇದ್ದು, ದುಡ್ಡು ಒಂದಕ್ಕೇ ಸಾಲುವುದಾದರೆ, ಮತ್ತು ಕಾಟ ಮರಿಯದೇ ಆದರೆ, ಹೆಣ್ಣಿಗೆ ಮೊದಲು ಮಾಡಿಸಿ ಅನ್ನುತ್ತೇನೆ. ಗಂಡಿಗೆ ಮಾಡಿಸಿದರೆ ಆರು ವಾರ ಹೆಣ್ಣಿನ ಹತ್ತಿರ ಬಿಡಬೇಡಿ ಅಂತ ಚೀಟಿಯಲ್ಲಿ ಬರೆದುಕೊಡುತ್ತೇನೆ. ಐದು ತಿಂಗಳಿಗೇ ತಂದರೆ ಇನ್ನೂ ಒಳ್ಳೆಯದು, ಸಹಿ ಹಾಕುವ ಅಭ್ಯಾಸವೇ ಹುಟ್ಟಿರುವುದಿಲ್ಲ. ಯಾರು ಅನ್ನ ಹಾಕುತ್ತಾರೋ ಅವರನ್ನೂ ಕರೆದುಕೊಂಡು ಬನ್ನಿ ಅನ್ನುತ್ತೇನೆ.

ಎರಡು ಕಪ್ಪು ಹೆಣ್ಣು ಮರಿಗಳು ಬೇರೆ ಊರಿನ ಹುಳು ಮನೆಗಳಿಗೆ ಹೋದವು, ಐದು ತಿಂಗಳಿಗೆ ಆಪರೇಷನ್ ಮಾಡಿಸುವ ಮಾತಿನ ಮೇಲೆ. ಒಂದು ಮನೆಯವರು ಬಂದು ಮಾಡಿಸಿದರು. ಇನ್ನೊಬ್ಬರು ಫೋನ್ ಎತ್ತುತ್ತಿಲ್ಲ. ಮೂರು ಬಣ್ಣದ್ದನ್ನು ಅಜ್ಜಿ ಯಾರಿಗೂ ಕೊಡಲಿಲ್ಲ.

ಉಳಿದದ್ದು ರೌಡಿ. ಮೂರು ಮನೆಯಲ್ಲಿ ಊಟ ಮಾಡುತ್ತದೆ, ಮೂರು ಮನೆಯವರೂ ನಮ್ಮದಲ್ಲ ಅನ್ನುತ್ತಾರೆ. ಖರ್ಚನ್ನು ಮೂವರೂ ಹಂಚಿಕೊಳ್ಳುವ ಮಾತನ್ನು ಅಕ್ಕನೇ ಆಡಿ ಒಪ್ಪಿಸಿದ್ದಾರೆ. ಹುಡುಗ ಟೊಮೆಟೊ ಕ್ರೇಟಿಗೆ ದಾರ ಕಟ್ಟಿ ಬೀಳುವ ಬಾಗಿಲು ಮಾಡಿದ್ದಾನೆ. ಮೊನ್ನೆ ಬೆಳಗ್ಗೆ ನೋಡಿದರೆ ಬಾಗಿಲು ಎತ್ತಿದ ಹಾಗೇ ಇತ್ತು, ಒಳಗಿಟ್ಟ ಒಣ ಮೀನು ಇರಲಿಲ್ಲ. ಕ್ರೇಟಿನ ಮೇಲೆ ಸಹಿ ಮಾತ್ರ ಇತ್ತು.